ಕಚ್ಚದ ಸಿಗರೇಟು

ಸತ್ತ ಮೇಲೆ ಮನುಷ್ಯ ಮೇಲಕ್ಕೆ ಹೋಗುತ್ತಾನೆ ಎನ್ನುತ್ತಾರೆ. ಈ ಲಿಫ್ಟ್ ಮೆಕ್ಯಾನಿಕ್ ಮೇಲಕ್ಕೂ ಹೋದ, ಕೆಳಕ್ಕೂ ಬಂದ, ಮತ್ತೆ ಮೇಲಕ್ಕೆ ಹೋದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸತ್ತ ಮನುಷ್ಯನೊಬ್ಬ ಇಷ್ಟು ಪ್ರಯಾಣ ಮಾಡಿದ್ದು ಭೂಮಿ ಹುಟ್ಟಿದ ಮೇಲೆ ಇದೇ ಮೊದಲು. ಅನುಮಾನವಿದ್ದವರು ಭೂಮಿಯನ್ನೇ ಕೇಳಿಕೊಳ್ಳಲಿ.

ಅವನು ಲಿಫ್ಟಿನ ಮೂಲೆಯಲ್ಲಿ, ತನ್ನ ಹತಾರದ ಪೆಟ್ಟಿಗೆಯ ಮೇಲೆ ಕೂತಿದ್ದ. ತಲೆ ಗೋಡೆಗೆ ಒರಗಿತ್ತು. ಎರಡನೇ ಮಹಡಿಯ ಟೀಚರ್ "ಗುಡ್ ಮಾರ್ನಿಂಗ್" ಹೇಳಿ ಇಳಿದರು. ಪೇಪರಿನವನು ಅವನ ತೊಡೆಯ ಮೇಲೆ ಪೇಪರು ಇಟ್ಟು ಹೋದ. ಯಾರಿಗೂ ಏನೂ ಅನ್ನಿಸಲಿಲ್ಲ. ಕೆಲವು ವಾರದಿಂದ ಅವನು ಕೂತಲ್ಲಿ ನಿಂತಲ್ಲಿ ತೂಕಡಿಸುತ್ತಿದ್ದ. ಆ ಕಟ್ಟಡದ ಕೆಳಗೆ ಅವನ ವರ್ಕ್‌ಶಾಪು, ಮೂರನೇ ಮಹಡಿಯಲ್ಲಿ ಅವನ ಮನೆ, ನಡುವೆ ಅವನದೇ ಕೈಯಾರೆ ಕೂರಿಸಿದ ಲಿಫ್ಟು. ತನ್ನ ಲಿಫ್ಟಿನಲ್ಲಿ ತಾನು ಮಲಗಿದರೆ ಕೇಳುವವರು ಯಾರು?

ಕೊನೆಗೆ ನಾಲ್ಕನೇ ಮಹಡಿಯ ಮುದುಕರೊಬ್ಬರು ಹತ್ತಿದರು. ಅವನ ಪಕ್ಕ ನಿಂತು ಸೊಸೆಯನ್ನು ಬೈದರು, ಸರ್ಕಾರವನ್ನು ಬೈದರು. ಎದುರು ಮಾತೇ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹೀಗಾಗಿದ್ದಕ್ಕೆ ಖುಷಿಯಾಗಿ, "ನನ್ನ ಮಾತು ಅರ್ಥ ಆಗೋದು ನಿನಗೊಬ್ಬನಿಗೇ ಕಣಯ್ಯ" ಎಂದು ಬೆನ್ನು ತಟ್ಟಿದರು.

ಮೆಕ್ಯಾನಿಕ್ ಮುಖ ಅಡಿಯಾಗಿ ಬಿದ್ದ. ಮುದುಕರ ಕೂಗಿಗೆ ಪಕ್ಕದ ಬೀದಿಯ ಗಾಜುಗಳು ಬಿರುಕುಬಿಟ್ಟವು.

* * *

ಬಂದವರು ಇನ್ಸ್‌ಪೆಕ್ಟರ್ ಮೇಡಂ. ಠಾಣೆಯಲ್ಲಿ ಅವರ ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ಮಂಜುಗಡ್ಡೆ. ಬೇಸಿಗೆಯಲ್ಲಿ ಅವರ ಟೇಬಲ್ಲಿನ ಹತ್ತಿರ ನಿಂತರೆ ಫ್ಯಾನೇ ಬೇಡ ಎಂದು ಪೇದೆಗಳು ಆಣೆ ಮಾಡಿ ಹೇಳುತ್ತಿದ್ದರು. ಮೊದಲು ಹೀಗಿರಲಿಲ್ಲ. ಮೊದಲು ಅವರು ನಕ್ಕರೆ ಲಾಕಪ್ಪಿನೊಳಗಿದ್ದ ಕಳ್ಳರೂ ನಗುತ್ತಿದ್ದರು. ಅಕ್ಕ ತೀರಿಕೊಂಡ ಮೇಲೆ ನಿದ್ದೆ ಹೋಯಿತು. ನಿದ್ದೆಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬರಬರುತ್ತಾ ತಲೆಯೊಳಗೆ ಹತ್ತಿ ತುಂಬಿದ ಹಾಗಾಯಿತು. ಅಳು ಬರುತ್ತಿರಲಿಲ್ಲ. ಸಿಟ್ಟೂ ಬರುತ್ತಿರಲಿಲ್ಲ. ಬಾಯಿಗಿಟ್ಟ ತುತ್ತಿನ ರುಚಿ ಗೋಡೆಯಾಚೆಯ ರೇಡಿಯೋದಂತೆ ಎಲ್ಲೋ ದೂರದಲ್ಲಿ ಗುನುಗುತ್ತಿತ್ತು.

ಅವರು ಹೆಣವನ್ನು ನೋಡಿದರು. ಎಡತೋಳು ಕೆರೆದುಕೊಂಡರು. ಇತ್ತೀಚೆಗೆ ಅದೊಂದು ಅಭ್ಯಾಸವಾಗಿತ್ತು.

"ಹೃದಯ ನಿಂತಿರಬೇಕು ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಗಿರಗಿಟ್ಲೆ. ಅವನ ನಾಲಿಗೆ ನಿದ್ದೆಯಲ್ಲೂ ನಿಲ್ಲುತ್ತಿರಲಿಲ್ಲವಾದ್ದರಿಂದ ಆ ಹೆಸರು. "ಬೆರಳು ನೋಡಿ, ಹೊಗೆ ಕುಡಿದು ಕುಡಿದು ಅರಿಶಿನ ಬಣ್ಣ. ಚಿಮಣಿ ಅಂದ್ರೆ ಚಿಮಣಿ. ನಮ್ಮ ದೊಡ್ಡಪ್ಪನೂ ಹೀಗೇ..."

"ನಿನ್ನ ದೊಡ್ಡಪ್ಪ ಆಮೇಲೆ ಸಾಯಲಿ. ಅಂಗಿ ಎತ್ತು."

ಬನಿಯನ್ನಿನ ಒಳಗೆ, ಬಲಭುಜದ ಹಿಂಭಾಗದಲ್ಲಿ ಚೌಕಾಕಾರದ ಒಂದು ಗುರುತಿತ್ತು. ಸುತ್ತಲಿನ ಚರ್ಮಕ್ಕಿಂತ ಕೆಂಪು. ಅಂಚಿನುದ್ದಕ್ಕೂ ಅಂಟಿಗೆ ಮೆತ್ತಿದ ಬನಿಯನ್ನಿನ ನೂಲು.

"ಬೆನ್ನು ನೋವಿನ ಪ್ಲಾಸ್ಟರು," ಎಂದ ಗಿರಗಿಟ್ಲೆ.

ಮೇಡಂ ಬಗ್ಗಿ ಆ ಚೌಕವನ್ನು ನೋಡಿದರು. ಇನ್ನೊಮ್ಮೆ ತೋಳು ಕೆರೆದುಕೊಂಡರು.

* * *

ಮೂರನೇ ಮಹಡಿಯಲ್ಲಿ ಅವನ ತಂಗಿ ಇದ್ದಳು. ಮದುವೆಯಾಗದ ಅಣ್ಣ, ಮದುವೆ ಮುರಿದುಕೊಂಡ ತಂಗಿ, ಇಬ್ಬರದೇ ಸಂಸಾರ. ಅವಳು ಅಳುತ್ತಿರಲಿಲ್ಲ. ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ನಾನೇ ಕೊಂದೆ," ಎಂದಳು, ಹಾಲು ಮುಗಿದಿದೆ ಎನ್ನುವ ಧ್ವನಿಯಲ್ಲಿ.

ಗಿರಗಿಟ್ಲೆಯ ನಾಲಿಗೆ ಸೇವೆಗೆ ಸೇರಿದಾಗಿನಿಂದ ಮೊದಲ ಬಾರಿಗೆ ನಿಂತಿತು.

"ಹೇಗೆ?" ಎಂದರು ಮೇಡಂ.

"ಮಾತ್ರೆ ಕೊಡ್ತಿದ್ದದ್ದು ನಾನೇ. ಡಾಕ್ಟರು ಹೇಳಿದಷ್ಟೇ, ರಾತ್ರಿ ಊಟ ಆದ್ಮೇಲೆ. ಮೊದಮೊದಲು ಸರಿ ಇತ್ತು. ಈಗ ಕೆಲವು ವಾರದಿಂದ ಬರೀ ಮಂಪರು. ಮಾತಾಡ್ತಾ ಮಾತಾಡ್ತಾ ಕಣ್ಣು ಮುಚ್ಚೋನು. ಆಸ್ಪತ್ರೆಗೆ ಫೋನ್ ಮಾಡ್ದೆ. 'ಸಿಗರೇಟ್ ಏನಾದ್ರೂ ನಿಲ್ಲಿಸಿದ್ದಾರಾ?' ಅಂತ ಕೇಳಿದ್ರು. ಎಲ್ಲಿ ನಿಲ್ಲಿಸ್ತಾನೆ, ಆ್ಯಶ್‌ಟ್ರೇ ತುಂಬಿ ತುಳುಕ್ತಾ ಇರುತ್ತೆ ಅಂದೆ. ಹಾಗಾದ್ರೆ ಮುಂದುವರಿಸಿ ಅಂದ್ರು. ಮುಂದುವರಿಸ್ದೆ." ಲೋಟವನ್ನು ಬೆಳಕಿಗೆ ಹಿಡಿದಳು. "ಕೊಡಬಾರದಿತ್ತು ಅಲ್ವಾ?"

"ಮಾತ್ರೆ ಯಾಕೆ ಬೇಕಾಯ್ತು?"

"ಒಂದು ಆಸ್ಪತ್ರೆ ಕಟ್ಟಡದಲ್ಲಿ ಅಣ್ಣನ ಕಂಪನಿಯ ಲಿಫ್ಟು ಬಿತ್ತು. ಒಳಗಿದ್ದ ಪೇಂಟರ್ ಹೋದ. ಆವತ್ತಿಂದ ಅಣ್ಣ ನಿದ್ದೇಲಿ 'ಹಗ್ಗ, ಹಗ್ಗ' ಅಂತ ಕೂಗೋನು. ಸವೆದ ಹಗ್ಗ ಬದಲಾಯಿಸೋಣ ಅಂದಿದ್ನಂತೆ, ಯಾರೋ ಬೇಡ ಅಂದ್ರಂತೆ. ಯಾರು ಅಂತ ನನಗೂ ಹೇಳ್ಲಿಲ್ಲ. ತನಿಖೆಯವರ ಮುಂದೆ ಹೇಳ್ತೀನಿ ಅಂತಿದ್ದ. ಮುಂದಿನ ವಾರ ಇತ್ತು."

"ಬೆನ್ನಿಗೆ ಪ್ಲಾಸ್ಟರ್ ಹಾಕಿದ್ರಾ?"

"ಇಲ್ವಲ್ಲ. ಯಾಕೆ?"

* * *

ವರ್ಕ್‌ಶಾಪಿನಲ್ಲಿ ಅವನ ಪಾಲುದಾರ ಇದ್ದ. ಇಡೀ ಬೀದಿ ಅವನನ್ನು ಸಕ್ಕರೆಬಾಯಿ ಎನ್ನುತ್ತಿತ್ತು. ಅವನು ಮಾತಾಡಿದ ಜಾಗದಲ್ಲಿ ಆಮೇಲೆ ಇರುವೆ ಮುತ್ತುತ್ತಿದ್ದವು ಎಂದರೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆಫೀಸು, ಗಿರಾಕಿ, ಕರಾರು ಇವನ ಪಾಲು. ಸ್ಪ್ಯಾನರು, ಗ್ರೀಸು, ಹಗ್ಗ ಮೆಕ್ಯಾನಿಕ್‌ನ ಪಾಲು. ಇವನ ಅಂಗಿಯ ತೋಳಿನ ಮೇಲೆ ಒಂದು ಹನಿ ಗ್ರೀಸು ಕೂತದ್ದನ್ನು ಕಂಡವರಿಲ್ಲ.

"ನನ್ನ ಬಲಗೈ ಹೋಯ್ತು ಮೇಡಂ," ಎಂದು ಕಣ್ಣೊರೆಸಿಕೊಂಡ. "ಎಷ್ಟು ಹೇಳ್ದೆ, ಆ ಸಿಗರೇಟ್ ಬಿಡೋ ಅಂತ. ಕೇಳಿದ್ರೆ ತಾನೇ? ಇವತ್ತು ಬೆಳಿಗ್ಗೆನೂ ನನ್ನ ಎದುರೇ ಒಂದು ಹಚ್ಚಿದ."

"ನೀವು ಸೇದ್ತೀರಾ?"

"ಛೆ ಛೆ. ಹುಟ್ಟಿದಾಗಿಂದ ಒಂದು ದಮ್ ಎಳೆದೋನಲ್ಲ."

"ಬೆಳಿಗ್ಗೆ ಅವರ ಜೊತೆ ಇದ್ರಾ?"

"ದಿನಾ ನಾನೇ ಮೇಲೆ ಹೋಗಿ ಕರ್ಕೊಂಡು ಬರ್ತಿದ್ದೆ. ಮಂಪರಲ್ಲಿ ಬಿದ್ದಾನು ಅಂತ ಭಯ. ಇವತ್ತೂ ಲಿಫ್ಟಲ್ಲೇ ಬಂದ್ವಿ. ಪೆಟ್ಟಿಗೆ ಮೇಲೆ ಕೂತ. 'ಸ್ವಲ್ಪ ಹೊತ್ತು ಕೂತಿರ್ತೀನಿ' ಅಂದ. ಬಿಟ್ಟು ಬಂದೆ." ದನಿ ತಗ್ಗಿಸಿದ. "ಇನ್ನೊಂದು ಮಾತು. ತಂಗಿ ಒಳ್ಳೆ ಹುಡುಗಿ. ನನಗೂ ತಂಗಿ ಇದ್ದ ಹಾಗೆ. ಆದ್ರೆ ಮರೆವು ಜಾಸ್ತಿ ನೋಡಿ. ಒಂದೇ ರಾತ್ರಿ ಎರಡೆರಡು ಸಲ ಮಾತ್ರೆ ಕೊಟ್ಟಿದ್ರೂ ಗೊತ್ತಾಗಲ್ಲ."

ಮೇಡಂ ಅವನ ಮಾತು ಕೇಳುತ್ತಾ ಮೇಜಿನ ಮೇಲಿನ ಆ್ಯಶ್‌ಟ್ರೇ ನೋಡುತ್ತಿದ್ದರು. ಅದನ್ನು ಆ್ಯಶ್‌ಟ್ರೇ ಎನ್ನುವುದು ತಪ್ಪು. ಹತ್ತಿ ಇಳಿಯಬಹುದಾದ ಬೂದಿಯ ಬೆಟ್ಟ ಅದು. ಅವರು ಬೆಟ್ಟವನ್ನು ಹಾಗೇ ಎತ್ತಿ ಚೀಲಕ್ಕೆ ಹಾಕಿಸಿದರು.

* * *

ಕೆಲವು ದಿನಗಳ ಮೇಲೆ ಮರಣೋತ್ತರ ಪರೀಕ್ಷೆಯ ವರದಿ ಬಂತು. ರಕ್ತದಲ್ಲಿ ಆ ಮಂಪರಿನ ಮಾತ್ರೆ ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಆನೆಯೊಂದು ಮದುವೆ ಮನೆಯ ವಾದ್ಯದ ನಡುವೆಯೂ ಮಲಗಿಬಿಡುವಷ್ಟು. ಉಸಿರು ನಿಧಾನವಾಗಿ, ನಿಧಾನವಾಗಿ, ನಿಂತಿತ್ತು. ನಿಕೋಟಿನ್ ಕೂಡ ಇತ್ತು. ಸೇದುವವನ ರಕ್ತದಲ್ಲಿ ಅದು ಇರದೆ ಇನ್ನೇನಿರುತ್ತದೆ?

ಗಿರಗಿಟ್ಲೆ ಮಾತ್ರೆಗಳನ್ನು ಎಣಿಸಿದ. ಔಷಧಿ ಅಂಗಡಿಯಲ್ಲಿ ವಿಚಾರಿಸಿದ. ಒಂದೂ ಕಮ್ಮಿಯಿಲ್ಲ, ಒಂದೂ ಹೆಚ್ಚಿಲ್ಲ. ಬೇರೆ ಮಾತ್ರೆ ಕೊಟ್ಟುಬಿಟ್ಟರೇ ಎಂದು ಪ್ರಯೋಗಾಲಯಕ್ಕೂ ಕಳಿಸಿದ್ದಾಯಿತು. ಅದೇ ಮಾತ್ರೆ. ಸೀಸೆಯಲ್ಲಿ ಲೆಕ್ಕ ಸರಿ, ರಕ್ತದಲ್ಲಿ ಲೆಕ್ಕ ತಪ್ಪು.

ಅವನು ಮನೋವೈದ್ಯರಿಗೂ ಫೋನ್ ಮಾಡಿದ. ಮಾತು ಮುಗಿಸಿ ಬಂದಾಗ ಮುಖ ಇಳಿದಿತ್ತು.

"ಮೇಡಂ, ತಂಗಿನೇ ಅನ್ಸುತ್ತೆ. 'ಈ ಮಾತ್ರೆ ವಿಷಯದಲ್ಲಿ ಏನೇನು ಎಚ್ಚರಿಕೆ ಬೇಕೋ ಎಲ್ಲಾ ನಾನು ಮೊದಲ ದಿನವೇ ಮನೆಯವರಿಗೆ ಹೇಳಿದ್ದೆ' ಅಂತಾರೆ ಡಾಕ್ಟರು. ಮನೆಯವರು ಅಂದ್ರೆ ಅವಳೊಬ್ಬಳೇ ತಾನೇ? ಎಲ್ಲಾ ಗೊತ್ತಿದ್ದೂ ಗೊತ್ತಿಲ್ಲ ಅಂತಿದಾಳೆ. ಬಂಧಿಸೋಣ್ವಾ?"

"ತಡಿ," ಎಂದರು ಮೇಡಂ. ಆ್ಯಶ್‌ಟ್ರೇಯ ಮೋಟುಗಳನ್ನು ಬಿಳಿ ಹಾಳೆಯ ಮೇಲೆ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಇನ್ನೊಂದಿಷ್ಟು ಮೋಟುಗಳಿದ್ದವು. ಮೆಕ್ಯಾನಿಕ್‌ನ ಹಳೆಯ ಕೋಟಿನ ಜೇಬಿನಿಂದ ತೆಗೆದವು.

"ನೋಡು."

"ಮೋಟು."

"ಇನ್ನೂ ಸ್ವಲ್ಪ ನೋಡು."

ಕೋಟಿನ ಜೇಬಿನವು ಎಲ್ಲ ಚಪ್ಪಟೆ. ಹಿಂಬದಿಯ ಮೇಲೆ ಹಲ್ಲಿನ ಗುರುತು, ಇಲಿ ಕಡಿದ ಹಾಗೆ. ಆ್ಯಶ್‌ಟ್ರೇಯವು ಎಲ್ಲ ದುಂಡು. ಅಂಗಡಿಯಿಂದ ಈಗಷ್ಟೇ ತಂದ ಹಾಗೆ ದುಂಡು.

"ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ಕೆಲಸ ಮಾಡೋನಿಗೆ ಎರಡೂ ಕೈ ಹಗ್ಗದ ಮೇಲೆ ಇರುತ್ತೆ," ಎಂದರು ಮೇಡಂ. "ಸಿಗರೇಟನ್ನ ಹಲ್ಲಲ್ಲಿ ಕಚ್ಚಿಕೊಳ್ಳದೆ ಬೇರೆ ದಾರಿಯಿಲ್ಲ. ವರ್ಷಗಟ್ಟಲೆ ಹಾಗೇ ಸೇದಿದೋನು. ಈಗ ಇದನ್ನ ಬಿಡಿಸು."

ಗಿರಗಿಟ್ಲೆ ದುಂಡು ಮೋಟೊಂದರ ಫಿಲ್ಟರನ್ನು ಉಗುರಿನಿಂದ ಸೀಳಿದ. ಒಳಗೆ ಹತ್ತಿ ಹಾಲಿನಷ್ಟು ಬಿಳಿ.

"ಯಾರೂ ಎಳೆದೇ ಇಲ್ಲ ಮೇಡಂ!"

"ಹಚ್ಚಿ ಇಟ್ಟಿದಾರೆ. ತಾನಾಗೇ ಉರಿದು ಬೂದಿಯಾಗಿದೆ. ಊದುಬತ್ತಿ ಥರ."

"ಯಾಕೆ? ಸೇದದವನು ಸೇದ್ತಿದಾನೆ ಅಂತ ತೋರಿಸೋದರಿಂದ ಯಾರಿಗೇನು ಲಾಭ?"

"ಅದೇ ಕೊಲೆ," ಎಂದರು ಮೇಡಂ. ಖುಷಿಯಾಗಬೇಕಿತ್ತು. ಆಗಲಿಲ್ಲ. "ಜೀಪ್ ತೆಗಿ."

* * *

ಮನೋವೈದ್ಯರು ತಮ್ಮ ಕೊಠಡಿಯಲ್ಲಿ, ರೋಗಿಗಿಂತ ಹೆಚ್ಚು ಸುಸ್ತಾಗಿ ಕೂತಿದ್ದರು.

"ಡಾಕ್ಟ್ರೇ, ಸಿಗರೇಟಿಗೂ ಈ ಮಾತ್ರೆಗೂ ಏನು ಸಂಬಂಧ?"

"ಎಲ್ಲಾ ಮಾತ್ರೆಗೂ ಇಲ್ಲ. ಈ ಜಾತಿಯ ಮಾತ್ರೆಗೆ ಇದೆ. ಸಿಗರೇಟಿನ ಹೊಗೆ ಮೈಗೆ ಸೇರಿದ್ರೆ ಲಿವರ್ ಚುರುಕಾಗುತ್ತೆ, ಮಾತ್ರೆಯನ್ನ ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತೆ. ಅದಕ್ಕೇ ಸೇದೋರಿಗೆ ಜಾಸ್ತಿ ಪ್ರಮಾಣ ಬೇಕಾಗುತ್ತೆ. ಇವರಿಗೂ ಜಾಸ್ತಿನೇ ಬರೆದಿದ್ದೆ."

"ದಿಢೀರ್ ಅಂತ ಬಿಟ್ರೆ?"

"ಲಿವರ್ ಹಳೇ ಚಾಳಿಗೆ ವಾಪಸ್. ಅದೇ ಪ್ರಮಾಣ ನುಂಗ್ತಾ ಹೋದ್ರೆ ಮಾತ್ರೆ ಮೈಯಲ್ಲೇ ಕೂತು ಕೂತು ಏರುತ್ತೆ. ಬಿಡೋದು ಒಳ್ಳೇದೇ, ಬಿಡಲೇಬೇಕು. ಆದ್ರೆ ಮೊದಲು ನನಗೆ ಹೇಳ್ಬೇಕು. ನಾನು ಪ್ರಮಾಣ ಇಳಿಸ್ತೀನಿ, ರಕ್ತ ನೋಡ್ತೀನಿ."

"ಸಿಗರೇಟ್ ಬದಲು ನಿಕೋಟಿನ್ ಪಟ್ಟಿ ಅಂಟಿಸ್ಕೊಂಡ್ರೆ? ನಿಕೋಟಿನ್ ಅದೂ ಅದೇ ಅಲ್ವಾ?"

"ಎಲ್ಲರೂ ಮಾಡೋ ತಪ್ಪು ಇದೇ. ಲಿವರನ್ನ ಓಡಿಸೋದು ನಿಕೋಟಿನ್ ಅಲ್ಲಮ್ಮ, ಹೊಗೆ. ಪಟ್ಟಿಯಲ್ಲಿ ಹೊಗೆ ಎಲ್ಲಿದೆ? ಚಪಲ ತೀರುತ್ತೆ, ರಕ್ತದಲ್ಲಿ ನಿಕೋಟಿನ್ನೂ ಸಿಗುತ್ತೆ, ಆದ್ರೆ ಮಾತ್ರೆ ಮಟ್ಟಿಗೆ ಸೇದೋದು ಬಿಟ್ಟ ಹಾಗೇ ಲೆಕ್ಕ."

ಎಡತೋಳಿನ ಮೇಲೆ ಮೇಡಂ ಅವರ ಬಲಗೈ ಹೋಗಿ ಅಲ್ಲೇ ನಿಂತಿತು. ಖಾಕಿಯ ಒಳಗೆ, ಅಂಗೈಯಗಲದ ಅಂಟುಪಟ್ಟಿ ತುರಿಸುತ್ತಿತ್ತು. ಮೆಕ್ಯಾನಿಕ್‌ನ ಭುಜದ ಚೌಕವನ್ನು ಅವರು ಮೊದಲ ನೋಟಕ್ಕೇ ಗುರುತಿಸಿದ್ದರು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅಂಥದ್ದನ್ನೇ ನೋಡುತ್ತಿದ್ದರಲ್ಲ.

"ಇದನ್ನೆಲ್ಲ ಮನೆಯವರಿಗೆ ಹೇಳಿದ್ದೆ ಅಂದ್ರಿ. ಯಾವ ಮನೆಯವರಿಗೆ?"

"ಮೊದಲ ದಿನ ಜೊತೆಗೆ ಬಂದಿದ್ರಲ್ಲ, ಅವರಿಗೆ. ರೋಗಿಗೆ ಆಗ ಪ್ರಜ್ಞೆಯೇ ಸರಿಯಿರಲಿಲ್ಲ. ಎರಡೆರಡು ಸಲ ಹೇಳ್ದೆ. ಒಳ್ಳೆ ಮನುಷ್ಯ, ಮಾತು ಜೇನು. 'ನಾನೂ ಮನೆಯವನೇ ಅಂದ್ಕೊಳ್ಳಿ ಡಾಕ್ಟ್ರೇ, ತಂಗಿಗೆ ನಾನೇ ತಿಳಿಸ್ತೀನಿ' ಅಂದ್ರು."

* * *

ಸಂಜೆ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದರು. ತಂಗಿ ಸ್ಟೂಲಿನ ಮೇಲೆ ಕೂತಿದ್ದಳು. ಸಕ್ಕರೆಬಾಯಿ ಅವಳಿಗೆ ನೀರು ತಂದುಕೊಟ್ಟ. ಗಿರಗಿಟ್ಲೆ ಕಾಣಿಸುತ್ತಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದಿತ್ತು, ಲಿಫ್ಟು ಮಾತ್ರ ಮೇಲಿನ ಮಹಡಿಯಲ್ಲಿ ನಿಂತಿತ್ತು. ಕೆಳಗಿನ ಗುಂಡಿಯಿಂದ ಸೀನಿದ ಸದ್ದು ಕೇಳಿಸಿತು.

"ಅಲ್ಲೇನು ಮಾಡ್ತಿದಾರೆ?" ಎಂದ ಸಕ್ಕರೆಬಾಯಿ.

"ಕಸ ಗುಡಿಸ್ತಿದಾರೆ," ಎಂದರು ಮೇಡಂ. ತಂಗಿಯ ಕಡೆ ತಿರುಗಿದರು. "ಲಿಫ್ಟಿನ ಸಂದಿಯಲ್ಲಿ ಏನಾದ್ರೂ ಬಿದ್ರೆ ಏನಾಗುತ್ತಮ್ಮ?"

"ಗುಂಡಿಗೆ ಹೋಗುತ್ತೆ," ಎಂದಳು ತಂಗಿ. "ಅಣ್ಣ ಆಗಾಗ ಇಳಿದು ತೆಗೀತಿದ್ದ. ಟೀಚರ್ ಓಲೆ, ಯಾರದೋ ಬೀಗದ ಕೈ, ಒಂದು ಸಲ ಆ ನಾಲ್ಕನೇ ಮಹಡಿ ಅಜ್ಜನ ಹಲ್ಲಿನ ಸೆಟ್ಟು. ಈಗೀಗ ಮಂಪರಿಗೆ ಇಳಿಯೋಕೆ ಆಗ್ತಿರಲಿಲ್ಲ."

ಗಿರಗಿಟ್ಲೆಯ ತಲೆ ನೆಲದ ಮಟ್ಟಕ್ಕೆ ಮೂಡಿತು, ಜೇಡರ ಬಲೆಯ ಕಿರೀಟದ ಸಮೇತ. ಅವನ ಕೈಚೀಲದ ತುಂಬ ಚರ್ಮದ ಬಣ್ಣದ ಚೌಕಗಳು, ಒಂದಕ್ಕೊಂದು ಅಂಟಿಕೊಂಡು. ಬೆಳ್ಳಿ ಬಣ್ಣದ ಹರಿದ ಪೊಟ್ಟಣಗಳು. ಊರಿಗೆಲ್ಲ ಸಿಗರೇಟು ಬಿಡಿಸಿ ಇನ್ನೂ ಉಳಿಯುವಷ್ಟು.

ಸಕ್ಕರೆಬಾಯಿಯ ಬಾಯಲ್ಲಿ ಸಕ್ಕರೆ ಕರಗಿತು.

"ಬೆಳಿಗ್ಗೆ ಮೇಲೆ ಹೋಗಿ ಕರ್ಕೊಂಡು ಬರ್ತಿದ್ರಿ," ಎಂದರು ಮೇಡಂ. ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಹಳೇ ಪಟ್ಟಿ ಕಿತ್ತು ಹೊಸದು ಅಂಟಿಸ್ತಿದ್ರಿ. ಭುಜದ ಹಿಂದೆ, ಅವರ ಕೈಗೆ ಎಟುಕದ ಜಾಗ, ತಂಗಿಯ ಕಣ್ಣಿಗೆ ಬೀಳದ ಜಾಗ. ಕಿತ್ತದ್ದನ್ನ ಬಾಗಿಲ ಸಂದಿಗೆ ತುರುಕ್ತಿದ್ರಿ. ಸಂದಿಗೆ ಬಿದ್ದದ್ದು ಮಾಯ ಅಂತ ನಿಮ್ಮ ಲೆಕ್ಕ. ಲಿಫ್ಟ್ ಮಾರಿದ್ರಿ, ಗುಂಡಿಗೆ ಒಂದು ದಿನವೂ ಇಳಿಯಲಿಲ್ಲ."

"ಒಳ್ಳೇದಕ್ಕೆ ತಾನೇ ಮಾಡಿದ್ದು!" ಅವನು ಎದ್ದು ನಿಂತ. "ಹೌದು, ಬಿಡಿಸ್ದೆ. ಅವನೇ ಕೇಳ್ಕೊಂಡ. ತಂಗಿಗೆ ಹೇಳಬೇಡ, ಅವಳ ಹುಟ್ಟಿದ ದಿನ 'ನಾನು ಬಿಟ್ಟೆ' ಅಂತ ಹೇಳಿ ಬೆರಗು ಮಾಡ್ತೀನಿ ಅಂದ. ಅವಳು ಹುಟ್ಟಿದಾಗಿಂದ ಬಿಡು ಬಿಡು ಅಂತಿದ್ಲಂತೆ. ಒಬ್ಬ ಮನುಷ್ಯನಿಗೆ ಸಿಗರೇಟ್ ಬಿಡಿಸಿದ್ರೆ ಅದು ಕೊಲೆನಾ? ಸನ್ಮಾನ ಮಾಡ್ಬೇಕು ನನಗೆ!"

ತಂಗಿಯ ಕೈಯ ಲೋಟ ಅಲುಗಲಿಲ್ಲ.

"ಬಿಡಿಸಿದ್ದಕ್ಕೆ ಸನ್ಮಾನ ಮಾಡೋಣ," ಎಂದರು ಮೇಡಂ. "ಬಿಟ್ಟಿಲ್ಲ ಅಂತ ತೋರಿಸೋಕೆ ಇಲ್ಲಿ ಕೂತು ಸಿಗರೇಟ್ ಸುಟ್ರಲ್ಲ, ಅದಕ್ಕೆ ಬೇಡಿ."

ಅವನು ಬಾಯಿ ತೆರೆದ. ಇರುವೆಯೂ ಬರಲಿಲ್ಲ.

"ಬಿಟ್ರೆ ಮಾತ್ರೆ ಇಳಿಸ್ಬೇಕು ಅಂತ ಡಾಕ್ಟರು ಹೇಳಿದ್ದು ಒಬ್ಬರಿಗೇ. ನಿಮಗೆ. 'ಮನೆಯವನು' ಅಂತ ಹೇಳ್ಕೊಂಡು ಕೇಳಿಸ್ಕೊಂಡ್ರಿ. ಅವರು ಮಧ್ಯಾಹ್ನ ತೂಕಡಿಸುವಾಗ ನೀವು ಒಂದೊಂದಾಗಿ ಹಚ್ಚಿ ಇಟ್ರಿ. ಆಗಾಗ ಸಂಜೆ ತಂಗಿ ಬಂದು ಬೂದಿ ಚೆಲ್ಲೋದು ನಿಮಗೆ ಗೊತ್ತು. ಆಸ್ಪತ್ರೆಯವರು ಕೇಳಿದಾಗ ಇವಳು ಕಂಡದ್ದನ್ನೇ ಹೇಳಿದ್ಲು. ಅವಳ ಬಾಯಿಂದಲೇ ಸುಳ್ಳು ಹೇಳಿಸಿದ್ರಿ, ಅವಳ ಕೈಯಿಂದಲೇ ಮಾತ್ರೆ ಕೊಡಿಸಿದ್ರಿ. ಅವತ್ತು ಬೆಳಿಗ್ಗೆ ಲಿಫ್ಟಲ್ಲಿ ಅವರ ಉಸಿರು ನಿಂತಾಗ ಡಾಕ್ಟರನ್ನ ಕೂಗಲಿಲ್ಲ. ಬೆನ್ನ ಮೇಲಿನ ಪಟ್ಟಿ ಕಿತ್ರಿ. ಇಳಿದು ಹೋದ್ರಿ."

"ಯಾಕೆ ಮಾಡ್ಲಿ ನಾನು? ಅವನು ನನ್ನ ಬಲಗೈ!"

"ಹಗ್ಗ," ಎಂದಳು ತಂಗಿ.

ಎಲ್ಲರೂ ಅವಳ ಕಡೆ ನೋಡಿದರು.

"ಹಗ್ಗ ಬದಲಾಯಿಸೋದು ಬೇಡ ಅಂದೋರು ನೀವು," ಎಂದಳು. "ಅಲ್ವಾ ಅಣ್ಣಾ?"

ಅಷ್ಟು ವರ್ಷ ಅವಳು ಸಕ್ಕರೆಬಾಯಿಯನ್ನೂ ಹಾಗೇ ಕರೆದಿದ್ದಳು. ಬೇರೆ ಹೇಗೆ ಕರೆಯಬೇಕೆಂದು ಈಗಲೂ ಅವಳಿಗೆ ಹೊಳೆದಿರಲಿಲ್ಲ. ಅವನು ತಲೆ ತಗ್ಗಿಸಿದ. ಗಿರಗಿಟ್ಲೆ ಗುಂಡಿಯ ಗ್ರೀಸು ಮೆತ್ತಿದ ಕೈಯಲ್ಲೇ ಬೇಡಿ ತೊಡಿಸಿದ. ಬಿಳಿ ಅಂಗಿಯ ತೋಳಿಗೆ ಕೊನೆಗೂ ಗ್ರೀಸು ಹತ್ತಿತು.

* * *

ತಂಗಿ ಮನೆಗೆ ಹೋಗಿ, ಅಣ್ಣ ಕಳೆದ ವಾರ ಬಿಚ್ಚಿಹಾಕಿದ್ದ ಬನಿಯನ್ನನ್ನು ಬುಟ್ಟಿಯಿಂದ ತೆಗೆದಳು. ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಹೊಗೆ ವಾಸನೆ ಇಲ್ಲ," ಎಂದಳು. "ನಾನು ಒಂದು ಸಲನಾದ್ರೂ ಮೂಸಿದ್ರೆ ಗೊತ್ತಾಗ್ತಿತ್ತು. ಮೂಗು ಮುಚ್ಕೊಂಡೇ ಒಗೀತಿದ್ದೆ."

"ನೀವಲ್ಲ ಕೊಂದದ್ದು."

"ಹೂಂ. ನಾಡಿದ್ದು ನನ್ನ ಹುಟ್ಟಿದ ದಿನ," ಎಂದಳು. ಬನಿಯನ್ನನ್ನು ಮಡಚಿದಳು. ಮತ್ತೆ ಬಿಚ್ಚಿದಳು. ಆಗ ಅವಳ ಭುಜ ಅಲುಗಿತು. ಮೊದಲು ಸಣ್ಣಗೆ, ಆಮೇಲೆ ಇಡೀ ಮೈ.

ಮೇಡಂಗೆ ಅವಳ ಪಕ್ಕ ಹೋಗಿ ಕೂರಬೇಕೆಂದು ಗೊತ್ತಿತ್ತು. ಗೊತ್ತಿತ್ತು ಅಷ್ಟೆ. ಹೋಗಿ ಕೂತರು. ಭುಜದ ಮೇಲೆ ಕೈ ಇಟ್ಟರು. ಕೈಯೊಳಗೆ ಏನೂ ಆಗಲಿಲ್ಲ. ಅಕ್ಕನ ಮಣ್ಣಿನ ದಿನವೂ ಹೀಗೇ ಆಗಿತ್ತೇ? ಇಲ್ಲ. ಅವತ್ತು ಅವರು ನಾಲ್ಕು ಜನ ಹಿಡಿದರೂ ನಿಲ್ಲದ ಹಾಗೆ ಅತ್ತಿದ್ದರು. ಈ ಹತ್ತಿ ತುಂಬಿಕೊಂಡದ್ದು ಆಮೇಲೆ. ಸಿಗರೇಟು ಬಿಟ್ಟು ತೋಳಿಗೆ ಪಟ್ಟಿ ಅಂಟಿಸಿಕೊಂಡ ಮೇಲೆ. ರಾತ್ರಿ ಅವರು ನುಂಗುತ್ತಿದ್ದದ್ದೂ ಮೆಕ್ಯಾನಿಕ್‌ನದೇ ಜಾತಿಯ ಮಾತ್ರೆ.

ಇಳಿಯುವಾಗ ಲಿಫ್ಟಿನಲ್ಲಿ ಒಬ್ಬರೇ ಇದ್ದರು. ಫೋನ್ ತೆಗೆದು ತಮ್ಮ ಡಾಕ್ಟರಿಗೆ ಹಚ್ಚಿದರು.

"ಡಾಕ್ಟ್ರೇ, ನಾನು ಸೇದೋದು ಬಿಟ್ಟಿದೀನಿ. ಪಟ್ಟಿ ಹಾಕ್ಕೊಂಡಿದೀನಿ. ನಿಮಗೆ ಹೇಳಿರ್ಲಿಲ್ಲ."

ಆಚೆ ಕಡೆ ಕುರ್ಚಿ ಸರಿದ ಸದ್ದು.

"ಮಂಪರು ಇದೆಯಾ?"

"ಮರಗಟ್ಟಿದ ಹಾಗೆ ಇದೆ. ದುಃಖ ಅಂದ್ಕೊಂಡಿದ್ದೆ."

"ಎಲ್ಲಿದೀರಿ ಈಗ? ಜೀಪ್ ನೀವು ಓಡಿಸ್ಬೇಡಿ. ನಿಮ್ಮವರನ್ನ ಯಾರನ್ನಾದ್ರೂ ಕರ್ಕೊಂಡು ಈಗ್ಲೇ ಬನ್ನಿ. ಇವತ್ತಿನ ಮಾತ್ರೆ ನಾನು ನೋಡೋವರೆಗೂ ಮುಟ್ಟಬೇಡಿ."

ಲಿಫ್ಟು ನೆಲ ಮುಟ್ಟಿತು. ಬಾಗಿಲು ತೆರೆಯಿತು. ಹೊರಗೆ ಗಿರಗಿಟ್ಲೆ, ತಲೆಯ ಮೇಲೆ ಇನ್ನೂ ಜೇಡರ ಬಲೆ ಹೊತ್ತುಕೊಂಡು, ನಾಲ್ಕನೇ ಮಹಡಿಯ ಮುದುಕರಿಗೆ ತಾನೊಬ್ಬನೇ ಈ ಕೇಸು ಬಿಡಿಸಿದ್ದು ಹೇಗೆ ಎಂದು ವಿವರಿಸುತ್ತಿದ್ದ.

"ಗಿರಗಿಟ್ಲೆ," ಎಂದು ಕೂಗಿದರು ಮೇಡಂ. ಜೀಪಿನ ಕೀಲಿ ಅವನತ್ತ ಎಸೆದರು. "ಇವತ್ತು ನೀನು ಓಡಿಸು. ದಾರಿಯುದ್ದಕ್ಕೂ ನಿನ್ನ ದೊಡ್ಡಪ್ಪನ ಕಥೆ ಹೇಳು. ನಾನು ನಿದ್ದೆ ಹೋಗಬಾರದು."